ಪಿಪಿಇ ಕಳಚುವ ಕೋಣೆಗೆ ಒಬ್ಬರನ್ನು ಕಾವಲಿಟ್ಟೆ

ಕೋವಿಡ್ ವಾರ್ಡಿನಲ್ಲಿ ಪಿಪಿಇ (ಸೋಂಕು ತಡೆಯಲು ತೊಡುವ ಗೌನು, ಗ್ಲೌಸ್, ಮಾಸ್ಕ್) ಕಳಚುವ ಕೋಣೆಯಲ್ಲಿ, ಸರಿಯಾಗಿ ಕಳಚುತ್ತಾರಾ ಎಂದು ನೋಡಲು, ಪ್ರತಿ ಶಿಫ್ಟಿಗೂ ನಿಗಾಕ್ಕೆ ಒಬ್ಬರು ಇರಲೇಬೇಕು ಎಂದು ನಾನು ಪಟ್ಟು ಹಿಡಿದಾಗ ಮೇಲಿನವರು ಕೇಳಿದ್ದು ಒಂದೇ: "ಇರುವ ಸಿಬ್ಬಂದಿಯೇ ಸಾಲದು, ಅದರಲ್ಲಿ ಒಬ್ಬರನ್ನು ಸುಮ್ಮನೆ ನಿಲ್ಲಿಸೋದಾ ಸಿಸ್ಟರ್?" ಕೊನೆಗೆ ನಿಲ್ಲಿಸಿದ ಮೇಲೆ, ಮೊದಲ ಅಲೆಯಲ್ಲೇ ನಮ್ಮ ಐಸೋಲೇಶನ್ ವಾರ್ಡಿನ ಸಿಬ್ಬಂದಿಯಲ್ಲಿ ಸೋಂಕು ಹೆಚ್ಚುಕಡಿಮೆ ಮೊದಲಿನ ಕಾಲು ಭಾಗಕ್ಕೆ ಇಳಿಯಿತು. ಲಸಿಕೆ ಬರುವ ಮೊದಲಿನ ಮಾತಿದು.

ಅದಕ್ಕೂ ಮುಂಚೆ ಮಾಡಿದ್ದೆಲ್ಲ ನೀರುಪಾಲು. ವಿಡಿಯೋ ತೋರಿಸಿದೆವು, ತಲೆಯಾಡಿಸಿ ಹೋದರು. ಚೆಕ್‌ಲಿಸ್ಟ್ ಅಂಟಿಸಿದೆವು, ಶಿಫ್ಟ್ ಶುರುವಾಗುವಾಗಲೇ ಎಲ್ಲಕ್ಕೂ ಟಿಕ್ ಬೀಳುತ್ತಿತ್ತು. ಎರಡು ಜೊತೆ ಗ್ಲೌಸ್ ಕೊಟ್ಟರೆ ಧೈರ್ಯ ಮಾತ್ರ ಇಮ್ಮಡಿಯಾಯಿತು. ಹೊರಬರುವವರ ಮೇಲೆ ಹೈಪೋ (ಬ್ಲೀಚ್ ದ್ರಾವಣ) ಸಿಂಪಡಿಸುವ ಸುರಂಗ ಬೇಕೆಂದು ಕೆಲವರು ಹಟ ಹಿಡಿದರು. ಕಣ್ಣು ಉರಿ, ಕೆಮ್ಮು ಬಿಟ್ಟು ಅದರಿಂದ ಬೇರೇನೂ ಸಿಗದು. ಅದನ್ನು ನಾನು ಬಾಗಿಲಲ್ಲೇ ತಡೆದೆ.

ದುಡ್ಡಿನ ಲೆಕ್ಕ ಹೀಗೆ ಮುಂದಿಟ್ಟೆ. ಆಗೆಲ್ಲ ಒಬ್ಬ ನರ್ಸ್‌ಗೆ ಪಾಸಿಟಿವ್ ಬಂದರೆ ಎರಡು ವಾರ ಅವರಿಲ್ಲ. ಜೊತೆಗೆ ಊಟದ ಕೋಣೆಯಲ್ಲಿ ಪಕ್ಕ ಕೂತಿದ್ದ ಮೂರ್ನಾಲ್ಕು ಜನ ಕ್ವಾರಂಟೈನಿಗೆ. ಬದಲಿಗೆ ತರುವವರಿಗೆ ಸುಮಾರು ಒಂದೂವರೆ ಪಟ್ಟು ಸಂಬಳ. ಅಂಥ ಎರಡು ಪ್ರಕರಣದ ಖರ್ಚಿನಲ್ಲಿ ನಿಗಾದವರ ತಿಂಗಳ ಸಂಬಳವೇ ಹುಟ್ಟುತ್ತದೆ. 2003ರ ಸಾರ್ಸ್‌ನಲ್ಲಿ (ಕೋವಿಡ್ ಜಾತಿಯದೇ ಉಸಿರಾಟದ ರೋಗ) ಸೋಂಕಿತರ ಪೈಕಿ ಐವರಲ್ಲಿ ಒಬ್ಬರು ಆಸ್ಪತ್ರೆಯವರೇ ಎಂಬುದನ್ನೂ ಹೇಳಿದೆ. ಸಹಿ ಬಿತ್ತು.

ಡಾಕ್ಟರುಗಳನ್ನು ಒಪ್ಪಿಸಿದ್ದು ಯುವಿ (ಅತಿನೇರಳೆ) ಬೆಳಕಿನಲ್ಲಿ ಹೊಳೆಯುವ ಲೋಷನ್. ಗೌನಿನ ಎದೆ, ಗ್ಲೌಸಿನ ಅಂಗೈಗೆ ಅದನ್ನು ಸವರಿ, ಎಂದಿನಂತೆ ಕಳಚಿ ಎಂದೆ. ದೀಪ ಆರಿಸಿ ಯುವಿ ಟಾರ್ಚ್ ಹಾಕಿದರೆ ಎಲ್ಲರಿಗಿಂತ ಜೋರಾಗಿ ವಾದಿಸಿದ್ದ ಹಿರಿಯರ ಕಿವಿಯ ಹಿಂದೆ, ಮಾಸ್ಕಿನ ಪಟ್ಟಿ ಹಾದ ಗೆರೆಯುದ್ದಕ್ಕೂ ಹೊಳಪು. ಇನ್ನೊಬ್ಬರಿಗೆ ಮಣಿಕಟ್ಟಿನ ಒಳಭಾಗದಲ್ಲಿ. ಆಮೇಲೆ ಯಾರೂ ಎದುರಾಡಲಿಲ್ಲ. ಕ್ವಿನೈನ್ ಇರುವ ಟಾನಿಕ್ ವಾಟರ್ (ಕಹಿ ಸೋಡಾ) ಕೂಡ ಯುವಿಯಲ್ಲಿ ನೀಲಿಯಾಗಿ ಹೊಳೆಯುತ್ತದೆ. ಕೆಮ್ಮಿನ ಹನಿ ಎಲ್ಲೆಲ್ಲಿ ಬೀಳುತ್ತದೆಂದು ತೋರಿಸಲು ಅದನ್ನು ಸ್ಪ್ರೇ ಮಾಡಿ ನೋಡಿದೆ. ಹನಿಗೆ ಪರವಾಗಿಲ್ಲ, ಕೈಗೆ ಅಂಟುವ ಕೊಳೆ ತೋರಿಸಲು ಲೋಷನ್ನೇ ಸರಿ.

ಕೋಣೆಯಲ್ಲಿ ನೆಲಕ್ಕೊಂದು ಕೆಂಪು ಗೆರೆ, ಆಚೆಗೊಂದು ಈಚೆಗೊಂದು ಸ್ಟೂಲ್, ಆಳೆತ್ತರದ ಕನ್ನಡಿ. ಒಂಟಿಕಾಲಲ್ಲಿ ನಿಂತು ಶೂ ಕವರ್ ಎಳೆಯುವವರು ಗೋಡೆ ಹಿಡಿಯುತ್ತಾರೆ, ಹಾಗಾಗಿ ಸ್ಟೂಲ್ ಬೇಕೇ ಬೇಕು. ಎನ್95 ಮಾಸ್ಕ್ ಕೊನೆಗೆ, ರೋಗಿಯ ಕೋಣೆಯಿಂದ ಹೊರಬಂದ ಮೇಲೆ, ಮುಂಭಾಗ ಮುಟ್ಟದೆ, ಕೆಳಪಟ್ಟಿ ಮೊದಲು. ನಿಗಾದವರು ಒಂದೊಂದು ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಬೇಕು, ಅವರು "ನಿಲ್ಲಿ" ಎಂದರೆ ಸರ್ಜನ್ ಆದರೂ ನಿಲ್ಲಬೇಕು. ನಿಗಾಕ್ಕೆ ನಿಂತ ಆಯಾ ಒಬ್ಬರ ಮಾತಿಗೆ ಸರ್ಜನ್ ನಿಲ್ಲುವಂತೆ ಮಾಡಲು ನಾನು ಹೂಡಿದ ಉಪಾಯವನ್ನು ಮಾತ್ರ ಇಲ್ಲಿ ಬರೆಯಲಾರೆ. ಬರೆದರೆ ನಮ್ಮಲ್ಲೇ ಅದು ನಾಳೆಯಿಂದ ನಡೆಯದು.

ಗಾಳಿಯ ವಿಷಯ. ಗಂಟೆಗೆ 12 ಸಲ ಗಾಳಿ ಬದಲಾದರೆ ತೇಲುವ ಕಣಗಳಲ್ಲಿ ಶೇ. 99 ಹೋಗಲು 23 ನಿಮಿಷ ಬೇಕು, 6 ಸಲವಾದರೆ 46. ರೋಗಿ ಹೋದ ಕೂಡಲೇ ಕ್ಲೀನಿಂಗಿಗೆ ನುಗ್ಗುವವರಿಗೆ ಇದನ್ನು ಬಾಗಿಲ ಮೇಲೆ ಬರೆದಿಟ್ಟೆ. ರೋಗಿಯ ಕೋಣೆಯ ಗಾಳಿ ಹೊರಗೆ ಬರಬಾರದು, ಅದಕ್ಕೆ ಬಾಗಿಲಡಿ ಟಿಶ್ಯೂ ಪಟ್ಟಿ ಕಟ್ಟಿ ದಿನಾ ನೋಡುತ್ತಿದ್ದೆ. ಒಳಕ್ಕೆ ವಾಲಬೇಕಾದ ಪಟ್ಟಿ ಕೆಲವೊಮ್ಮೆ ಹೊರಕ್ಕೆ ವಾಲುತ್ತಿತ್ತು. ಬೆನ್ನು ಹತ್ತಿದರೆ, ಎದುರಿನ ಶೌಚಾಲಯದ ಎಕ್ಸಾಸ್ಟ್ ಫ್ಯಾನ್ ಹಾಕಿದಾಗಲೆಲ್ಲ ಹೀಗಾಗುತ್ತಿತ್ತು. ಆ ಸ್ವಿಚ್ ಈಗ ಸೀಲ್.

ಜನ ಕಮ್ಮಿಯಿದ್ದರೆ ಹಗಲಿನ ನಿಗಾ ಬಿಟ್ಟು ರಾತ್ರಿಗೆ ಹಾಕಿ, ಅದರಲ್ಲೂ ಶಿಫ್ಟಿನ ಕೊನೆಯ ಗಂಟೆಗೆ. ನಮ್ಮ ರಿಜಿಸ್ಟರಿನಲ್ಲಿ ದಾಖಲಾದ ಕಳಚುವ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಹೊತ್ತಿನವೇ.