ಬಿತ್ತುವವನ ಸಾಮ್ಯ: ಪ್ರಸಂಗ ಎಲ್ಲಿ ಕುಂಟುತ್ತಿತ್ತು, ಹೇಗೆ ಸರಿಹೋಯಿತು

ಮಂಡ್ಯದ ನಾಲೆ ಬಯಲಿನ ಕ್ರೈಸ್ತ ಸಭೆಯಲ್ಲಿ ಯೇಸು ಹೇಳಿದ ಬಿತ್ತುವವನ ಸಾಮ್ಯದ (ಬೈಬಲಿನ ಮಾರ್ಕ 4:3-9) ಮೇಲೆ ಬೋಧಿಸಿದಾಗಲೆಲ್ಲ ಪ್ರಸಂಗ ಮೊದಲ ಐದು ನಿಮಿಷದಲ್ಲೇ ಕುಂಟುತ್ತಿತ್ತು. ಈ ಕಥೆಯಲ್ಲಿ ಒಬ್ಬ ಎರಚಿದ ಬೀಜ ದಾರಿ, ಬಂಡೆಯ ನೆಲ, ಮುಳ್ಳು, ಒಳ್ಳೆಯ ನೆಲ ಎಂಬ ನಾಲ್ಕು ಕಡೆ ಬೀಳುತ್ತದೆ; ಒಳ್ಳೆಯ ನೆಲದ್ದು ಮಾತ್ರ ಮೂವತ್ತು, ಅರವತ್ತು, ನೂರರಷ್ಟು ಫಲ ಕೊಡುತ್ತದೆ. ಬೀಜವೆಂದರೆ ದೇವರ ವಾಕ್ಯ. ಕಾರಣ ಬೇಸಾಯದ ರೀತಿ. ಒಟ್ಲು ಹಾಕಿ, ಪೈರು ಕಿತ್ತು ನಾಟಿ ಮಾಡುವವರಿಗೆ ದಾರಿಯಲ್ಲೂ ಮುಳ್ಳಲ್ಲೂ ಬೀಜ ಚೆಲ್ಲುವವನು ತಿಳಿಗೇಡಿಯಂತೆ ಕಾಣುತ್ತಾನೆ. ಮನಸ್ಸು ಅಲ್ಲೇ ಸಿಕ್ಕಿಕೊಂಡರೆ ಮುಂದಿನ ಮಾತು ಕಿವಿಗೆ ಬೀಳುವುದಿಲ್ಲ.

ಈಗ ಮೊದಲ ಮೂರು ನಿಮಿಷ ಎರಚು ಬಿತ್ತನೆಗೇ ಮೀಸಲು. ಒಂದು ಹಿಡಿ ರಾಗಿ ಬೀಸಿ ಎರಚಿದರೆ ಬದುವಿನ ಮೇಲೂ ನಾಲ್ಕು ಕಾಳು ಬೀಳುತ್ತವೆ. ನಾಗಮಂಗಲದ ಕಡೆಯ ಮಳೆಯಾಶ್ರಯದ ಹೊಲ ಬಲ್ಲವರಿಗೆ ಇಷ್ಟು ಸಾಕು. ಬಂಡೆಯ ನೆಲವೆಂದರೆ ಕಲ್ಲು ಹರಡಿದ ನೆಲವಲ್ಲ, ತೆಳು ಮಣ್ಣಿನ ಕೆಳಗೆ ಹಾಸುಬಂಡೆ ಇರುವ ನೆಲ. ಅದಕ್ಕೇ ಬೇಗ ಮೊಳೆತು, ಬೇರಿಲ್ಲದೆ ಬಿಸಿಲಿಗೆ ಬಾಡುತ್ತದೆ. ಇದನ್ನು ಬಿಡಲೇಬೇಡಿ, ಅದೇ ಅಧ್ಯಾಯದ 16-17ನೇ ವಚನಗಳು ನಿಂತಿರುವುದೇ ಇದರ ಮೇಲೆ.

ಇನ್ನೊಂದು ತಪ್ಪು, ನಾಲ್ಕು ನೆಲಕ್ಕೂ ಸಮಯವನ್ನು ಸಮನಾಗಿ ಹಂಚುವುದು. 20 ನಿಮಿಷದಲ್ಲಿ ಅದು ನಾಲ್ಕು ಚೂರಾಗುತ್ತದೆ. ಒಂದೇ ನೆಲಕ್ಕೆ ಹತ್ತು ನಿಮಿಷ ಕೊಡಿ. ನಮ್ಮಲ್ಲಿ ಮುಳ್ಳಿನ ನೆಲವೇ ಹೆಚ್ಚು ತಟ್ಟುತ್ತದೆ: ಕೈಸಾಲ, ಮಗಳ ಮದುವೆ, ಬಾರದ ಕಬ್ಬಿನ ದುಡ್ಡು. ಆದರೆ ಚಿಂತೆಯಲ್ಲಿ ಬೆಂದವರನ್ನು ಗದರಿಸುವ ದನಿ ಬೇಡ. ಆ ಚಿಂತೆ ದೇವರ ವಾಕ್ಯವನ್ನು ಹೇಗೆ ಅದುಮುತ್ತದೆಂದು ಮಾತ್ರ ತೋರಿಸಿ.

ಟಿಪ್ಪಣಿ ಒಂದೇ ಪುಟ. ಮೊದಲ ಮತ್ತು ಕೊನೆಯ ವಾಕ್ಯ ಪೂರ್ತಿ ಬರೆದಿರಲಿ, ನಡುವಿನದು ಬರೀ ಸುಳಿವು. ಶನಿವಾರ ಸಂಜೆ ನಿಂತುಕೊಂಡು, ಗಡಿಯಾರ ಇಟ್ಟು, ಗಟ್ಟಿಯಾಗಿ ಹೇಳಿ ನೋಡಿ. ನಾಲಿಗೆ ತಡವರಿಸಿದ ಕಡೆ ಗ್ರಂಥದ ಮಾತು ತೆಗೆದು ಮನೆಮಾತು ಹಾಕಿ. ಕೊನೆಯ ನೂರರಷ್ಟು ಫಲವನ್ನು ಮಾತ್ರ ದುಡ್ಡಿನ ಭರವಸೆಯಾಗಿ ಹೇಳಬೇಡಿ. 20ನೇ ವಚನದಲ್ಲಿ ಅದು ದೇವರ ವಾಕ್ಯ ಕೇಳಿ ಒಪ್ಪಿಕೊಂಡವರ ಬಾಳಿನ ಫಲ.