ಹೈಡಾ ಗ್ವಾಯ್‌ನ ಕಡಲಡಿಯಲ್ಲಿ ಕೆಲ್ಪ್ ಕಾಡು ಬೆಳೆಸಿದ ನನ್ನ ಅನುಭವ

ಕೆನಡಾದ ಪಶ್ಚಿಮ ತೀರದಾಚೆ ಇರುವ ಹೈಡಾ ಗ್ವಾಯ್ ದ್ವೀಪಸಮೂಹದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಹೈಡಾ ಜನರ ಮುಂದಾಳತ್ವದಲ್ಲಿ ನಡೆದ ಕೆಲ್ಪ್ ಕಾಡಿನ ಪುನಶ್ಚೇತನದಲ್ಲಿ ನಾನು ಸಮೀಕ್ಷೆಯ ಮುಳುಗುಗಾರನಾಗಿ ದುಡಿದೆ. ಕೆಲ್ಪ್ ಎಂಬುದು ತಣ್ಣನೆಯ ಕಡಲಿನಲ್ಲಿ ಬಂಡೆಗೆ ಅಂಟಿಕೊಂಡು ನೀರಿನ ಮೇಲ್ಮೈವರೆಗೂ ಬೆಳೆಯುವ ದೊಡ್ಡ ಕಂದು ಪಾಚಿ. ನಮ್ಮ ಕರಾವಳಿಯ ಬೆಚ್ಚನೆಯ ನೀರಿನಲ್ಲಿ ಅದಕ್ಕೆ ನೆಲೆಯಿಲ್ಲ.

ಈ ಕಾಡು ಅಳಿಯಲು ಮೂಲ ಕಾರಣ ತುಪ್ಪಳದ ವ್ಯಾಪಾರ. 18ನೇ ಶತಮಾನದ ಕೊನೆಯಲ್ಲಿ ಶುರುವಾದ ಆ ಬೇಟೆಯಲ್ಲಿ ಕಡಲ ನೀರುನಾಯಿಗಳು ಇಲ್ಲಿಂದ ನಿರ್ನಾಮವಾದವು. ಅವು ತಿನ್ನುತ್ತಿದ್ದ ಸೀ ಅರ್ಚಿನ್ ಎಂಬ ಮುಳ್ಳುಜೀವಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿ ಕೆಲ್ಪನ್ನು ಬುಡಸಹಿತ ಮೇಯ್ದು ಬಂಡೆಗಳನ್ನು ಬೋಳಾಗಿಸಿದವು. ಮೇವು ಮುಗಿದರೂ ಅರ್ಚಿನ್ ಸಾಯುವುದಿಲ್ಲ. ಒಳಗೆ ತಿರುಳು, ಅಂದರೆ ಜನರು ತಿನ್ನುವ ಭಾಗ, ಇಲ್ಲದೆ ವರ್ಷಗಟ್ಟಲೆ ಜೀವ ಹಿಡಿದುಕೊಂಡು, ಚಿಗುರುವ ಪ್ರತಿಯೊಂದು ಮೊಳಕೆಯನ್ನೂ ತಿಂದುಹಾಕುತ್ತದೆ. ಆದ್ದರಿಂದ ಬೋಳು ನೆಲ ತಾನಾಗಿ ಚೇತರಿಸಿಕೊಳ್ಳುವುದು ಕಷ್ಟ.

ಹೈಡಾ ರಾಷ್ಟ್ರದ ಮಂಡಳಿ ಮತ್ತು ಸರ್ಕಾರದ ಉದ್ಯಾನ ಸಂಸ್ಥೆಯಾದ ಪಾರ್ಕ್ಸ್ ಕೆನಡಾ ಜಂಟಿಯಾಗಿ ನೋಡಿಕೊಳ್ಳುವ ಗ್ವಾಯ್ ಹಾನಸ್ ಪ್ರದೇಶದ ಮರ್ಚಿಸನ್ ದ್ವೀಪದಲ್ಲಿ, ಸುಮಾರು 3 ಕಿ.ಮೀ. ತೀರವನ್ನು ಅರ್ಚಿನ್‌ಗಳನ್ನು ತಗ್ಗಿಸಿ ಕೆಲ್ಪ್ ಮರಳಿಸುವ ಕೆಲಸಕ್ಕೆ ಆರಿಸಲಾಗಿತ್ತು. 2018ರಲ್ಲಿ ಆರಂಭವಾದ ಕೆಲಸದಲ್ಲಿ ಹೈಡಾ ಮೀನುಗಾರಿಕೆ ತಂಡದವರ ಜೊತೆಗೆ, ಅರ್ಚಿನ್ ಹಿಡಿದು ಮಾರುವ ವೃತ್ತಿಪರ ಮುಳುಗುಗಾರರೂ ಇದ್ದರು. ಅವರ ಕೈಚಳಕ ನಮ್ಮಂಥ ಅಳತೆಯವರಿಗೆ ಬರುವಂಥದ್ದಲ್ಲ. ನಾವು ನೀರು ಒಳಗಿಳಿಯದ ಡ್ರೈಸೂಟ್ ಉಡುಪು ತೊಟ್ಟು, ಸೆಳೆತ ತಗ್ಗಿದ ಹೊತ್ತು ನೋಡಿ ಇಳಿದು, ದಡದಿಂದ ಆಳದ ಕಡೆಗೆ ಹಗ್ಗ ಎಳೆದು, ಅದರ ಉದ್ದಕ್ಕೂ ಚೌಕಟ್ಟು ಇಟ್ಟು ಅದರೊಳಗಿನ ಅರ್ಚಿನ್‌ಗಳನ್ನು ಎಣಿಸಿ, ಕ್ಯಾಲಿಪರ್‌ನಿಂದ ಅವುಗಳ ಚಿಪ್ಪಿನ ಅಗಲ ಅಳೆದು, ನೀರಿನಲ್ಲೂ ಬರೆಯಬಹುದಾದ ಹಲಗೆಯ ಮೇಲೆ ಗುರುತು ಹಾಕುತ್ತಿದ್ದೆವು. ಕೆಲವನ್ನು ದೋಣಿಗೆ ತಂದು ಒಡೆದು ತಿರುಳು ಎಷ್ಟಿದೆ ಎಂದು ನೋಡುವುದೂ ನಮ್ಮದೇ ಕೆಲಸ.

ಮುಂದಿನದೆಲ್ಲ ಆ ತಿರುಳಿನ ಮೇಲೆ ನಿಂತಿತ್ತು. ತಿರುಳು ತುಂಬಿದ ಅರ್ಚಿನ್ ಹೈಡಾ ಜನರಿಗೆ ಅಚ್ಚುಮೆಚ್ಚಿನ ಆಹಾರ. ಅಂಥವನ್ನು ಚೀಲಕ್ಕೆ ತುಂಬಿ ಊರುಗಳಿಗೆ ಕಳುಹಿಸಿ ಹಂಚಲಾಯಿತು. ಬರಿದಾದವನ್ನು ಕಡಲಡಿಯಲ್ಲೇ ಸುತ್ತಿಗೆಯಿಂದ ಒಡೆದರು. ಕೇಳಿದವರಿಗೆ ಇದು ಕ್ರೂರವೆನಿಸುತ್ತದೆ, ನನಗೂ ಮೊದಮೊದಲು ಹಿತವೆನಿಸಲಿಲ್ಲ. ಆದರೆ ಒಡೆದದ್ದು ಅಲ್ಲಿಯೇ ಮೀನು, ಏಡಿ, ನಕ್ಷತ್ರಮೀನುಗಳಿಗೆ ಆಹಾರವಾಗುತ್ತದೆ, ನೀರುನಾಯಿ ಮಾಡುತ್ತಿದ್ದ ಕೆಲಸವನ್ನೇ ಮನುಷ್ಯ ಸ್ವಲ್ಪ ಕಾಲ ವಹಿಸಿಕೊಂಡಂತಾಗುತ್ತದೆ. ಒಂದನ್ನೂ ಉಳಿಸದೆ ತೆಗೆಯುವುದು ಉದ್ದೇಶವಾಗಿರಲಿಲ್ಲ. ಉಳಿದವು ಹೊಸ ಕೆಲ್ಪ್ ತಿಂದು ಮೈತುಂಬಿಕೊಳ್ಳಬೇಕು, ಮತ್ತೆ ಜನರ ಊಟಕ್ಕೆ ಬರಬೇಕು.

ಆಳವಿಲ್ಲದ ಕಡೆ ತೆಳ್ಳಗೆ ಅಂಚಿನಂತಿದ್ದ ಕೆಲ್ಪ್, ತೆರವಾದ ಬಂಡೆಗಳ ಮೇಲೆ ಆಳಕ್ಕೆ ಇಳಿಯಿತು. ಹೋಲಿಕೆಗಾಗಿ ಮುಟ್ಟದೆ ಬಿಟ್ಟಿದ್ದ ತೀರ ಬೋಳಾಗಿಯೇ ಇತ್ತು. ಆಳದಿಂದ ಹೊಸ ಅರ್ಚಿನ್‌ಗಳು ತೆವಳಿ ಬರುವುದರಿಂದ ತೆಗೆಯುವ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಹಣ ಕೊಡುವವರಿಗೆ ಬೇಸರ ತರಿಸುವ ಭಾಗ ಇದೇ.

ಹೈಡಾ ಹಿರಿಯರ ಮಾತು ಬೇಗನೆ ಊಟದ ಕಡೆಗೇ ತಿರುಗುತ್ತಿತ್ತು. ವಸಂತದಲ್ಲಿ ಹೆರಿಂಗ್ ಮೀನುಗಳು ಕೆಲ್ಪ್ ಎಲೆಯ ಮೇಲೆ ಇಡುವ ಮೊಟ್ಟೆ, ಅಂದರೆ ಅವರ 'ಕಾವ್', ಒಣಗಿಸಿ ಇಡುವ ಮತ್ತು ನೆಂಟರಿಗೆ ಕೊಡುವ ಪದಾರ್ಥ. ಅಬಲೋನ್ ಎಂಬ ಚಿಪ್ಪುಜೀವಿಯೂ ಕೆಲ್ಪನ್ನೇ ನಂಬಿ ಬದುಕುತ್ತದೆ. ಮಿತಿಮೀರಿದ ಮೀನುಗಾರಿಕೆಯಿಂದ ಅದು ಕುಸಿದಾಗ 1990ರಲ್ಲಿ ಅದನ್ನು ಹಿಡಿಯುವುದನ್ನು ಮೂಲನಿವಾಸಿಗಳಿಗೂ ಸೇರಿಸಿ ಎಲ್ಲರಿಗೂ ನಿಷೇಧಿಸಲಾಯಿತು. ಕಾಡು ಬೆಳೆದರೆ ಈ ಊಟ ಮರಳುವ ದಾರಿ ತೆರೆಯುತ್ತದೆ.

ಈಗ ನೀರುನಾಯಿಗಳು ಮತ್ತೆ ಕಾಣಿಸಿಕೊಳ್ಳುತ್ತಿವೆ. ಅವು ಕಾಡನ್ನು ಕಾಯುತ್ತವೆ, ಆದರೆ ಜನರಿಗೆ ಬೇಕಾದ ಅರ್ಚಿನ್, ಅಬಲೋನ್, ಏಡಿಗಳನ್ನೂ ತಿನ್ನುತ್ತವೆ. ಎಲ್ಲಿ ಯಾರಿಗೆ ಎಷ್ಟು ಎಂಬುದನ್ನು ಹೈಡಾ ಜನರೇ ಮುಂದೆ ನಿಂತು ನಿರ್ಧರಿಸಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕಾಗಿಯೇ ಕೆಲ್ಪ್ ಎಷ್ಟು ಹರಡಿದೆ ಎಂಬುದರ ಜೊತೆಗೆ ಅರ್ಚಿನ್ ತಿರುಳಿನ ತೂಕವನ್ನೂ ಪ್ರತಿ ಸಮೀಕ್ಷೆಯಲ್ಲಿ ದಾಖಲಿಸಬೇಕು.