ಹಳೇ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್ ತರುವ ಮುಂಚೆ

ನಮ್ಮ ಡಿಟಿಪಿ ಅಂಗಡಿಯಲ್ಲಿ ಇವತ್ತಿಗೂ ಒಂದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಓಡುತ್ತಿದೆ. ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪ್ ಮಾಡುವ ನುಡಿ ಎರಡೂ ಅದರಲ್ಲೇ. 15 ವರ್ಷದ ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕು ಎಲ್ಲಾ ಅದರೊಳಗಿವೆ.

ಒಮ್ಮೆ ಕಡಿಮೆ ರೇಟಿಗೆ ಸಿಕ್ಕಿತು ಅಂತ 64 ಜಿಬಿ ಪೆನ್‌ಡ್ರೈವ್ ತಂದು ಎಲ್ಲಾ ಕಾಪಿ ಮಾಡಿಟ್ಟೆ. ಫೈಲಿನ ಹೆಸರುಗಳೇನೋ ಸಾಲಾಗಿ ಕಾಣುತ್ತಿದ್ದವು. ಕ್ಲಿಕ್ ಮಾಡಿದರೆ ಮುಕ್ಕಾಲು ಪಾಲು ತೆರೆಯಲೇ ಇಲ್ಲ. ಒಳಗೆ ನಿಜವಾಗಿ ಇದ್ದದ್ದು 8 ಜಿಬಿ ಜಾಗ. ಮೂಲ ಫೈಲನ್ನು ಅಳಿಸಿಬಿಟ್ಟಿದ್ದೆ. ಗಿರಾಕಿಯೊಬ್ಬರ ಮಗಳ ಮದುವೆ ಪತ್ರಿಕೆಯನ್ನು ರಾತ್ರಿ ಎರಡು ಗಂಟೆವರೆಗೆ ಕೂತು ಮತ್ತೆ ಟೈಪ್ ಮಾಡಿದೆ.

ಅದಕ್ಕೇ ಹೇಳುತ್ತೇನೆ, ಕಾಪಿ ಇಡಲು ಯುಎಸ್‌ಬಿಗೆ ಹಾಕುವ ಹಾರ್ಡ್ ಡಿಸ್ಕ್ ತರುವಾಗ ಡಬ್ಬದ ಮೇಲಿನ ಜಿಬಿ ಆಮೇಲೆ ನೋಡಿ. ಮೊದಲು ಕರೆಂಟ್ ನೋಡಿ. ಹಳೇ ಕಂಪ್ಯೂಟರಿನ ಯುಎಸ್‌ಬಿ 2.0 ಪೋರ್ಟ್ ಕೊಡುವ ಕರೆಂಟಿನ ಲೆಕ್ಕ 500 ಮಿಲಿಆಂಪ್. ಚಿಕ್ಕ ಪೋರ್ಟಬಲ್ ಡಿಸ್ಕಿನ ಮೋಟರ್ ತಿರುಗಲು ಶುರುವಾಗುವಾಗ ಅದಕ್ಕಿಂತ ಜಾಸ್ತಿ ಎಳೆಯಬಹುದು. ಆಗ ಒಳಗಿಂದ ಟಿಕ್... ಟಿಕ್... ಅಂತ ಸದ್ದು ಬರುತ್ತದೆ, ಲೈಟ್ ಹತ್ತಿ ಆರುತ್ತದೆ, ಡಿಸ್ಕ್ ಕಂಡು ಮಾಯವಾಗುತ್ತದೆ. ಡಿಸ್ಕ್ ಕೆಟ್ಟಿತು ಅಂತ ಬಿಸಾಡಬೇಡಿ. ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ ನೋಡಿ, ಅದು ನೇರ ಮದರ್‌ಬೋರ್ಡಿನಲ್ಲೇ ಇರುತ್ತದೆ. ಆಗಲೂ ಹಾಗೇ ಆದರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ) ಹಾಕಿ. ನಾನಂತೂ ಸ್ವಂತ ಅಡಾಪ್ಟರ್ ಇರುವ 3.5 ಇಂಚಿನ ದೊಡ್ಡ ಡಿಸ್ಕನ್ನೇ ತಂದೆ. ಮೇಜಿನ ಮೇಲೆ ಜಾಗ ತಿನ್ನುತ್ತದೆ ನಿಜ, ಆದರೆ ಕರೆಂಟಿಗಾಗಿ ಪೋರ್ಟನ್ನು ನಂಬಿ ಕೂರಬೇಕಿಲ್ಲ.

ಅಳತೆ 1 ಟಿಬಿ ಸಾಕು. ನಮ್ಮಲ್ಲಿರುವಂಥ 32 ಬಿಟ್ ಎಕ್ಸ್‌ಪಿಗೆ ಜಿಪಿಟಿ ಡಿಸ್ಕ್ ಓದಲು ಬರುವುದಿಲ್ಲ, ಎಂಬಿಆರ್ ಇರಬೇಕು (ಎರಡೂ ಡಿಸ್ಕನ್ನು ಭಾಗ ಮಾಡಿಡುವ ಪದ್ಧತಿಗಳು). ಫಾರ್ಮ್ಯಾಟ್, ಅಂದರೆ ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ರೀತಿ, ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ಇನ್ನೊಂದು ಫಾರ್ಮ್ಯಾಟ್ ಎಫ್‌ಎಟಿ32ರಲ್ಲಿ 4 ಜಿಬಿ ಮೀರಿದ ಫೈಲು ಕೂರುವುದಿಲ್ಲ.

ಸ್ಪೀಡಿಗೆ ಅಂತ ಜಾಸ್ತಿ ದುಡ್ಡು ಸುರಿಯಬೇಡಿ. ಯುಎಸ್‌ಬಿ 3.0 ಡಿಸ್ಕ್ ಹಳೇ ಪೋರ್ಟಿನಲ್ಲೂ ನಡೆಯುತ್ತದೆ, ಆದರೆ ಹಳೇ ವೇಗದಲ್ಲೇ. ಸೆಕೆಂಡಿಗೆ ಸುಮಾರು 30 ಎಂಬಿ ಅಂದುಕೊಳ್ಳಿ. 100 ಜಿಬಿಗೆ ಹೆಚ್ಚುಕಡಿಮೆ ಒಂದು ಗಂಟೆ.

ತಂದ ದಿನವೇ ಫೈಲು ಹಾಕಬೇಡಿ. ಖಾಲಿ ಡಿಸ್ಕಿನ ಮೇಲೆ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ. ಪುಕ್ಕಟೆ ಸಿಗುವ ಪುಟ್ಟ ಪ್ರೋಗ್ರಾಂ ಅದು. ಡಿಸ್ಕ್ ಪೂರ್ತಿ ತುಂಬಿಸಿ, ಬರೆದದ್ದನ್ನೆಲ್ಲಾ ತಿರುಗಿ ಓದಿ ತಾಳೆ ನೋಡುತ್ತದೆ. 1 ಟಿಬಿಗೆ ಒಂದು ರಾತ್ರಿ, ಒಂದು ಹಗಲು ಬೇಕು. ಬೇಕಾದರೆ ಬೇಕಾಗಲಿ, ಅಲ್ವಾ? ಪೆನ್‌ಡ್ರೈವಿಗೂ ಇದೇ ಪರೀಕ್ಷೆ. ತಪ್ಪು ತೋರಿಸಿದರೆ ಬಿಲ್ ಸಮೇತ ವಾಪಸ್ ಕೊಡಿ.

ಈಗ ನನ್ನ ಹತ್ತಿರ ಎರಡು ಡಿಸ್ಕ್ ಇವೆ. ಅಮಾವಾಸ್ಯೆ ದಿನ ಪೂಜೆ ಮುಗಿದ ಮೇಲೆ ಅಂಗಡಿಯಲ್ಲಿ ಕೆಲಸ ಕಡಿಮೆ. ಅವತ್ತು ಎರಡಕ್ಕೂ ಕಾಪಿ ಹಾಕಿ, ಒಂದೆರಡು ಹಳೇ ಪತ್ರಿಕೆ ತೆರೆದು ನೋಡುತ್ತೇನೆ. ಆಮೇಲೆ ಒಂದನ್ನು ಮನೆಗೆ ಒಯ್ದು ಬೀರುವಿನಲ್ಲಿ ಇಡುತ್ತೇನೆ.